ರಸಾಯನಕ್ಕೆ ಲಿಪಿಯನ್ನಿತ್ತ ಬರ್ಜೀಲಿಯಸ್

ಒಂದು ಭಾಷೆಗೆ ಲಿಪಿಯನ್ನು ಕೊಟ್ಟವರ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಬ್ರಾಹ್ಮೀ ಅಕ್ಷರಗಳನ್ನು ಮೊದಲು ರೂಪಿಸಿದವರು ಯಾರೆಂದು ಇಂದು ಯಾರೂ ಹೇಳಲಾರರು. ಆದರೆ ರಸಾಯನಶಾಸ್ತ್ರಕ್ಕೆ ಲಿಪಿಯನ್ನು ಕೊಟ್ಟವನ ಹೆಸರು, ಊರು, ಕಾಲಗಳೆಲ್ಲವೂ ಖಚಿತವಾಗಿ ತಿಳಿದಿವೆ. ಜಗತ್ತಿನ ಯಾವ ದೇಶದ ಪ್ರೌಢಶಾಲೆಗೆ ಹೋದರೂ ನೀರೆಂದರೆ ಎಚ್-ಎರಡು-ಓ ಎಂದೇ ಬಾಲಕರು ಬರೆಯುತ್ತಾರೆ. ಚೀನದ ಬಾಲಕನೂ ಕನ್ನಡದ ಬಾಲಕನೂ ಮಾತನಾಡುವ ನುಡಿ ಬೇರೆ ಬೇರೆ. ಆದರೆ ಈ ಒಂದು ಲಿಪಿಯಲ್ಲಿ ಇಬ್ಬರೂ ಸಹಪಾಠಿಗಳು. ಈ ಲಿಪಿಯ ಕರ್ತೃ ಸ್ವೀಡನ್ ದೇಶದ ಯೋನ್ಸ್ ಯಾಕೊಬ್ ಬರ್ಜೀಲಿಯಸ್.

ಸ್ವೀಡನ್ನಿನ ಓಸ್ಟರ್‌ಯೋಟ್‌ಲಂಡ್ ಪ್ರಾಂತದ ವೇವರ್‌ಸುಂಡ ಎಂಬ ಚಿಕ್ಕ ಊರಿನಲ್ಲಿ ೧೭೭೯ನೆಯ ಇಸವಿ ಆಗಸ್ಟ್ ೨೦ರಂದು ಅವನು ಜನಿಸಿದನು. ತಂದೆ ಲಿನ್‌ಶೋಪಿಂಗ್ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದನು. ಮಗುವಿಗೆ ನಾಲ್ಕು ವರ್ಷವಾಗುವಷ್ಟರಲ್ಲಿ ಆ ತಂದೆ ತೀರಿಕೊಂಡನು. ತಾಯಿ ಏಕ್‌ಮಾರ್ಕ್ ಎಂಬ ಪಾದ್ರಿಯನ್ನು ಮರುಮದುವೆಯಾದಳು; ಕೆಲವೇ ವರ್ಷಗಳಲ್ಲಿ ಆಕೆಯೂ ಕಣ್ಮುಚ್ಚಿದಳು. ಮಲತಂದೆಯೆಂಬ ಮಾತಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಆದರೆ ಏಕ್‌ಮಾರ್ಕ್ ಸಜ್ಜನನು. ತನ್ನ ಸ್ವಂತ ಮಕ್ಕಳೊಡನೆ ಈ ಅನಾಥನನ್ನೂ ಕೂಡಿಸಿಕೊಂಡು ಓದಿಸಿದನು, ಗಿಡಮರಗಳನ್ನು ತೋರಿಸಿ ಅವುಗಳ ಹೆಸರು ಹೇಳಿಕೊಟ್ಟನು. ಆತನು ಮತ್ತೊಂದು ಮದುವೆಯಾದ ಮೇಲೆ ಬಾಲಕನು ಸೋದರಮಾವನ ಮನೆಗೆ ಹೋಗಬೇಕಾಯಿತು. ಆ ಮನೆಯಲ್ಲಿ ಅನ್ನವಿತ್ತು, ಆದರವಿರಲಿಲ್ಲ. ಬಾಲ್ಯದಲ್ಲಿಯೇ ಮೂರು ಮನೆಗಳ ಹೊಸಿಲು ತುಳಿದ ಹುಡುಗನು ಅವನು.

೧೭೯೩ರಲ್ಲಿ ಅವನು ಲಿನ್‌ಶೋಪಿಂಗಿನ ಪ್ರೌಢಶಾಲೆಯನ್ನು ಸೇರಿದನು. ಕೈಯಲ್ಲಿ ಕಾಸಿಲ್ಲದ್ದರಿಂದ ನಡುನಡುವೆ ಹೊಲಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡನು. ಕೀಟಗಳನ್ನೂ ಸಸ್ಯಗಳನ್ನೂ ಸಂಗ್ರಹಿಸುವುದು, ಹಕ್ಕಿಗಳನ್ನು ಅರಸಿ ಕಾಡು ಮೇಡು ಅಲೆಯುವುದು ಅವನಿಗೆ ಬಲು ಪ್ರಿಯವಾದ ಕೆಲಸ. ಇದರಿಂದ ತರಗತಿಗೆ ತಪ್ಪಿಸಿಕೊಂಡದ್ದೂ ಉಂಟು. ಶಾಲೆಯನ್ನು ಬಿಡುವಾಗ ದೊರೆತ ಪ್ರಮಾಣಪತ್ರದಲ್ಲಿ, ಹುಡುಗನಿಗೆ ಬುದ್ಧಿಯೇನೋ ಇದೆ, ನಡತೆ ಮಾತ್ರ ಸಾಲದು, ಇವನಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ಸಂದೇಹ ಎಂಬರ್ಥದ ಷರಾ ಇತ್ತು. ಉಪಾಧ್ಯಾಯರು ಬರೆಯುವ ಷರಾಗಳಿಗೆ ಕಾಲವು ಕೆಲವೊಮ್ಮೆ ಹೀಗೂ ಉತ್ತರ ಕೊಡುತ್ತದೆ.

ವೈದ್ಯನಾಗಬೇಕೆಂಬ ಉದ್ದೇಶದಿಂದ ೧೭೯೬ರಲ್ಲಿ ಅವನು ಉಪ್ಸಾಲ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿಯ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆಫ್ಜೇಲಿಯಸ್. ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯ ಬಾಗಿಲು ವಾರದಲ್ಲೊಂದು ದಿನ ಮಾತ್ರ ತೆರೆಯುತ್ತಿತ್ತು. ಬರ್ಜೀಲಿಯಸನಿಗೆ ಅದು ಸಾಲಲಿಲ್ಲ. ಕಾವಲುಗಾರನ ಕೈಗೆ ಒಂದಿಷ್ಟು ಕಾಸು ಹಾಕಿ, ಹಿಂಬಾಗಿಲಿನಿಂದ ಒಳಹೊಕ್ಕು, ಪ್ರಾಧ್ಯಾಪಕನಿಲ್ಲದ ವೇಳೆಯಲ್ಲಿ ಪ್ರಯೋಗ ಮಾಡತೊಡಗಿದನು. ಒಂದು ದಿನ ಆಫ್ಜೇಲಿಯಸನೇ ಅವನನ್ನು ಕಂಡುಹಿಡಿದನು. ಗದರಿಕೆಯಂತೂ ತಪ್ಪಲಿಲ್ಲ, ಆದರೆ ಕೊನೆಗೆ ಆ ಗುರು ವಿಧಿಸಿದ ಕಟ್ಟಳೆ, ಇನ್ನು ಮುಂದೆ ಮುಂಬಾಗಿಲಿನಿಂದಲೇ ಬರತಕ್ಕದ್ದೆಂಬುದು. ಇದಲ್ಲದೆ ತಾನು ಬಾಡಿಗೆಗೆ ಹಿಡಿದ ಕೊಠಡಿಯ ಒಲೆಯ ಮೇಲೂ ಅವನ ಪ್ರಯೋಗಗಳು ನಡೆಯುತ್ತಿದ್ದವು. ೧೭೯೯ರ ಬೇಸಿಗೆಯಲ್ಲಿ ಮೇದೆವಿ ಎಂಬಲ್ಲಿಯ ಔಷಧೀಯ ಚಿಲುಮೆಯ ನೀರನ್ನು ಪರೀಕ್ಷಿಸಿ, ಅದರಲ್ಲಿ ಯಾವ ಲವಣ ಎಷ್ಟಿದೆಯೆಂದು ತೂಗಿ ನೋಡಿದನು. ಅವನ ಮೊದಲ ಪ್ರಬಂಧದ ವಿಷಯ ಇದೇ. ನೀರಿನಿಂದಲೇ ಅವನ ಶಾಸ್ತ್ರಜೀವನ ಮೊದಲಾಯಿತೆಂದು ಹೇಳಬಹುದು.

೧೮೦೦ರಲ್ಲಿ ವೋಲ್ಟಾ ಎಂಬ ಇಟಲಿಯ ವಿದ್ವಾಂಸನು ವಿದ್ಯುತ್ತನ್ನು ಸತತವಾಗಿ ಹರಿಸುವ ಸಾಧನವನ್ನು ಲೋಕಕ್ಕೆ ತೋರಿಸಿದನು. ಬರ್ಜೀಲಿಯಸನು ಸತುವಿನ ಬಿಲ್ಲೆಗಳನ್ನೂ ತಾಮ್ರದ ನಾಣ್ಯಗಳನ್ನೂ ಒಂದರ ಮೇಲೊಂದಾಗಿ ಜೋಡಿಸಿ ಅಂಥದೊಂದು ಕಂಬವನ್ನು ತಾನೇ ಕಟ್ಟಿದನು. ಇದರ ವಿದ್ಯುತ್ತಿನಿಂದ ರೋಗಗಳು ವಾಸಿಯಾಗುವುವೇ ಎಂದು ಪರೀಕ್ಷಿಸಿ, ೧೮೦೨ರಲ್ಲಿ ವೈದ್ಯಪದವಿಯ ಪ್ರಬಂಧವನ್ನು ಬರೆದನು. ರೋಗಿಗಳಿಗೆ ಹೇಳಿಕೊಳ್ಳುವಂತಹ ಗುಣವೇನೂ ಆಗಲಿಲ್ಲ. ಆದರೆ ವಿದ್ಯುತ್ತಿನ ಪರಿಚಯ ಅವನ ಬುದ್ಧಿಯಲ್ಲಿ ಆಳವಾಗಿ ಬೇರೂರಿತು. ಸ್ಟಾಕ್‌ಹೋಮಿಗೆ ಬಂದು ಸಂಬಳವಿಲ್ಲದ ಸಹಾಯಕನಾಗಿ ದುಡಿಯುತ್ತ, ಹೀಸಿಂಗರ್ ಎಂಬ ಗಣಿಯ ಒಡೆಯನ ಮನೆಯಲ್ಲಿ ನೆಲೆಸಿದನು. ಇವರಿಬ್ಬರೂ ಕೂಡಿ ೧೮೦೩ರಲ್ಲಿ ಲವಣಗಳನ್ನು ವಿದ್ಯುತ್ತಿನಿಂದ ಒಡೆದು, ಲೋಹದ ಭಾಗ ಒಂದು ಧ್ರುವಕ್ಕೂ ಆಮ್ಲದ ಭಾಗ ಇನ್ನೊಂದು ಧ್ರುವಕ್ಕೂ ಹೋಗುವುದನ್ನು ತೋರಿಸಿದರು. ಅದೇ ವರ್ಷ ಸೀರಿಯಂ ಎಂಬ ಹೊಸ ಮೂಲವಸ್ತುವನ್ನೂ ಗುರುತಿಸಿದರು. ಜರ್ಮನಿಯಲ್ಲಿ ಕ್ಲಾಪ್ರೋಟ್ ಎಂಬವನೂ ಆಗಲೇ ಸ್ವತಂತ್ರವಾಗಿ ಅದನ್ನು ಕಂಡಿದ್ದನು.

ಈ ನಡುವೆ ಕೃತಕ ಖನಿಜಜಲವನ್ನು ಮಾಡಿ ಮಾರುವ ಒಂದು ವ್ಯಾಪಾರದಲ್ಲಿ ಪಾಲುದಾರನಾಗಿ ಬರ್ಜೀಲಿಯಸನು ಕೈ ಸುಟ್ಟುಕೊಂಡನು. ಸಾಲ ಹೆಗಲೇರಿತು, ಅದು ತೀರಲು ಸುಮಾರು ಹತ್ತು ವರ್ಷ ಹಿಡಿಯಿತು. ೧೮೦೭ರಲ್ಲಿ ಅವನಿಗೆ ವೈದ್ಯ ಮತ್ತು ಔಷಧಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆತ ಮೇಲೆ ಜೀವನ ಒಂದು ನೆಲೆಗೆ ಬಂತು. ೧೮೦೮ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಬಂತು. ಅವನ ಕೀರ್ತಿಗೆ ಆಧಾರವಾದ ಕಾರ್ಯವೆಲ್ಲ ಸಾಲಗಾರನ ಆ ದಿನಗಳಲ್ಲಿಯೇ ಆರಂಭವಾಯಿತೆಂಬುದು ಗಮನಿಸತಕ್ಕ ವಿಷಯ.

ಆ ಕಾರ್ಯಕ್ಕೆ ನಿಮಿತ್ತವಾದದ್ದು ಒಂದು ಪಠ್ಯಪುಸ್ತಕ. ವಿದ್ಯಾರ್ಥಿಗಳಿಗಾಗಿ ಸ್ವೀಡಿಷ್ ಭಾಷೆಯಲ್ಲಿ ರಸಾಯನಶಾಸ್ತ್ರದ ಗ್ರಂಥವೊಂದನ್ನು ಬರೆಯಲು ತೊಡಗಿ, ಅದರ ಮೊದಲ ಸಂಪುಟವನ್ನು ೧೮೦೮ರಲ್ಲಿ ಪ್ರಕಟಿಸಿದನು. ಬರೆಯುವವನು ಹಿಂದಿನವರು ಏನು ಹೇಳಿದ್ದಾರೆಂದು ಓದಬೇಕಷ್ಟೆ. ಹಾಗೆ ಓದುತ್ತಿದ್ದಾಗ ಜರ್ಮನಿಯ ರಿಕ್ಟರ್ ಎಂಬ ವಿದ್ವಾಂಸನ ಬರಹಗಳು ಅವನ ಕಣ್ಣಿಗೆ ಬಿದ್ದವು. ಆಮ್ಲವೂ ಕ್ಷಾರವೂ ಕೂಡುವಾಗ ಗೊತ್ತಾದ ತೂಕಗಳಲ್ಲಿಯೇ ಕೂಡುತ್ತವೆ ಎಂಬುದು ಅವುಗಳ ತಿರುಳು. ಫ್ರಾನ್ಸಿನಲ್ಲಿ ಲವಾಸಿಯೇ, ಯಾವ ಕ್ರಿಯೆಯಲ್ಲಿಯೂ ವಸ್ತು ಹುಟ್ಟುವುದಿಲ್ಲ, ನಾಶವಾಗುವುದಿಲ್ಲ ಎಂಬುದನ್ನು ತಕ್ಕಡಿಯಿಂದ ಸ್ಥಾಪಿಸಿದ್ದನು. ಪ್ರೂಸ್ಟ್ ಎಂಬವನು ಒಂದು ಸಂಯುಕ್ತದಲ್ಲಿ ಮೂಲವಸ್ತುಗಳ ಪ್ರಮಾಣ ಎಂದೆಂದಿಗೂ ಒಂದೇ ಎಂದಿದ್ದನು. ಇಂಗ್ಲೆಂಡಿನ ಡಾಲ್ಟನ್ ೧೮೦೮ರಲ್ಲಿ ಇದಕ್ಕೆಲ್ಲ ಕಾರಣವನ್ನು ಹೇಳಿದನು: ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ತೂಕದ ಪರಮಾಣುಗಳುಂಟು, ಅವು ಇಡಿಯಾಗಿ ಕೂಡುತ್ತವೆಯೇ ಹೊರತು ತುಂಡಾಗಿ ಕೂಡುವುದಿಲ್ಲ. ವಿಚಾರ ಭವ್ಯವಾಗಿತ್ತು, ಅದಕ್ಕೆ ಅಂಕಿಗಳ ಆಧಾರ ಮಾತ್ರ ದುರ್ಬಲವಾಗಿತ್ತು. ಡಾಲ್ಟನ್ ದಾರ್ಶನಿಕನೇ ಹೊರತು ತಕ್ಕಡಿಯಲ್ಲಿ ನುರಿತ ಕೈಯವನಲ್ಲ. ಆ ಕೊರತೆಯನ್ನು ತುಂಬಲು ಬರ್ಜೀಲಿಯಸನು ಟೊಂಕ ಕಟ್ಟಿ ನಿಂತನು.

ಸುಮಾರು ಹತ್ತು ವರ್ಷಗಳಲ್ಲಿ ಅವನು ಎರಡು ಸಾವಿರದಷ್ಟು ಸಂಯುಕ್ತಗಳನ್ನು ಪರೀಕ್ಷಿಸಿ ತೂಗಿದನೆಂದು ಲೆಕ್ಕವಿದೆ. ಇದನ್ನು ಓದುವುದು ಸುಲಭ, ಮಾಡುವುದು ಸುಲಭವಲ್ಲ. ಆಗ ಪ್ರಯೋಗಶಾಲೆಗೆ ಅನಿಲದ ಕೊಳವೆಯಿರಲಿಲ್ಲ, ನಲ್ಲಿಯ ನೀರಿರಲಿಲ್ಲ. ಅಂಗಡಿಯಲ್ಲಿ ಶುದ್ಧ ಆಮ್ಲ ಸಿಗುತ್ತಿರಲಿಲ್ಲ. ಅದನ್ನು ತಾನೇ ಭಟ್ಟಿಯಿಳಿಸಿಕೊಳ್ಳಬೇಕು. ಗಾಜಿನ ಉಪಕರಣಗಳನ್ನು ತಾನೇ ಊದಿಕೊಳ್ಳಬೇಕು. ಸೋಸುವ ಕಾಗದದಲ್ಲಿಯ ಕಲ್ಮಶ ಲೆಕ್ಕವನ್ನು ಕೆಡಿಸೀತೆಂದು ಕಾಗದವನ್ನೂ ಪರೀಕ್ಷಿಸಿ ಆರಿಸಿಕೊಳ್ಳಬೇಕು. ಒಂದು ಮೂಸೆಯನ್ನು ಕಾಯಿಸಿ, ಆರಿಸಿ, ತೂಗಿ, ಮತ್ತೆ ಕಾಯಿಸಿ, ಮತ್ತೆ ತೂಗಿ, ತೂಕ ಬದಲಾಗದೆ ನಿಂತ ಮೇಲಷ್ಟೇ ಒಂದು ಅಂಕಿಯನ್ನು ಬರೆದುಕೊಳ್ಳಬೇಕು. ಇಂದಿನ ವಿದ್ಯಾರ್ಥಿಯು ಪಠ್ಯದ ಕೊನೆಯ ಪುಟವನ್ನು ತಿರುವಿ ನೋಡುವ ಪರಮಾಣು ತೂಕದ ಒಂದೊಂದು ಸಂಖ್ಯೆಯ ಹಿಂದೆಯೂ ಇಂತಹ ಅನೇಕ ದಿನಗಳಿವೆ.

ಅವನ ಕೆಲಸದ ಮನೆಯನ್ನು ನೋಡಿದವರು ಬೆರಗಾಗುತ್ತಿದ್ದರು. ೧೮೨೩ರಲ್ಲಿ ಶಿಷ್ಯನಾಗಿ ಬಂದ ಜರ್ಮನಿಯ ವೋಲರ್, ಯೂರೋಪಿನಲ್ಲಿಯೇ ಹೆಸರಾದ ಪ್ರಯೋಗಶಾಲೆಯೆಂದರೆ ಎಂತಹ ಭವ್ಯ ಭವನವೋ ಎಂದುಕೊಂಡಿದ್ದನು. ಕಂಡದ್ದು ಎರಡು ಸಾಧಾರಣ ಕೊಠಡಿ. ಕೆಲವು ಮೇಜುಗಳು, ಬೀರುಗಳು, ಒಂದು ತಕ್ಕಡಿ, ಪಾದರಸದ ಒಂದು ತೊಟ್ಟಿ. ಮರಳಿನ ಮೇಲಿಟ್ಟು ಕಾಯಿಸುವ ಏರ್ಪಾಡು ಪಕ್ಕದ ಅಡುಗೆಮನೆಯಲ್ಲಿ, ಅನ್ನ ಬೇಯುವ ಜಾಗದಲ್ಲಿಯೇ ಇತ್ತು. ಅಲ್ಲಿ ಅಡುಗೆ ಮಾಡುತ್ತಿದ್ದವಳು ಆನ್ನಾ ಸುಂಡ್‌ಸ್ಟ್ರೋಮ್. ೧೮೦೮ರಿಂದ ೧೮೩೬ರವರೆಗೆ ಆಕೆ ಆ ಮನೆಯ ಪಾತ್ರೆಗಳನ್ನೂ ಪ್ರಯೋಗಶಾಲೆಯ ಪಾತ್ರೆಗಳನ್ನೂ ಒಂದೇ ಎಚ್ಚರದಿಂದ ನೋಡಿಕೊಂಡಳು. ಶಾಲೆಯ ಓದಿಲ್ಲದ ಆಕೆ ವಸ್ತುಗಳ ಹೆಸರುಗಳನ್ನೂ ಗುಣಗಳನ್ನೂ ಬಳಕೆಯಿಂದಲೇ ಬಲ್ಲವಳಾದಳು. ಮಹಾಪುರುಷರ ಜೀವನಚರಿತ್ರೆಗಳಲ್ಲಿ ಇಂಥವರ ಹೆಸರು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ವೋಲರನ ನೆನಪುಗಳಿಂದಾಗಿ ಆನ್ನಾಳ ಹೆಸರು ಉಳಿಯಿತು.

ಆಕೆಯನ್ನು ಕುರಿತ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಕ್ಲೋರಿನ್ ಎಂಬುದು ಮೂಲವಸ್ತುವೆಂದು ಇಂಗ್ಲೆಂಡಿನ ಡೇವಿ ೧೮೧೦ರಲ್ಲಿ ಸಾರಿದ್ದನು. ಬರ್ಜೀಲಿಯಸನು ಅದನ್ನು ಒಪ್ಪಲಿಲ್ಲ. ಅದರಲ್ಲಿ ಆಮ್ಲಜನಕ ಅಡಗಿದೆಯೆಂದು ಹತ್ತು ವರ್ಷಗಳ ಕಾಲ ವಾದಿಸಿ, ಹಳೆಯ ಹೆಸರಾದ ಆಕ್ಸಿಮ್ಯೂರಿಯಾಟಿಕ್ ಆಮ್ಲ ಎಂಬುದನ್ನೇ ಬಳಸುತ್ತಿದ್ದನು. ಸಾಕ್ಷ್ಯಗಳು ಕೂಡಿಬಂದಂತೆ ಕೊನೆಗೆ ಸೋಲನ್ನೊಪ್ಪಿದನು. ಅದಾದ ಬಳಿಕ ಒಂದು ದಿನ ಆನ್ನಾ ಪಾತ್ರೆ ತೊಳೆಯುತ್ತ, ಇದರಲ್ಲಿ ಆಕ್ಸಿಮ್ಯೂರಿಯಾಟಿಕ್ ಆಮ್ಲದ ವಾಸನೆಯಿದೆಯೆಂದಳು. ಇನ್ನು ಮೇಲೆ ಆ ಹೆಸರು ಬೇಡ, ಕ್ಲೋರಿನ್ ಎನ್ನುವುದೇ ಮೇಲೆಂದು ಯಜಮಾನನು ಆಕೆಯನ್ನು ತಿದ್ದಿದನು. ಯೂರೋಪಿನ ರಸಾಯನಶಾಸ್ತ್ರದ ಧುರೀಣನು ತನ್ನ ಮತವನ್ನು ಬದಲಾಯಿಸಿದ ಸಂಗತಿ ಹೀಗೆ ಅಡುಗೆಮನೆಯಲ್ಲಿ ಪ್ರಕಟವಾಯಿತು.

ಇನ್ನು ಲಿಪಿಯ ವಿಷಯ. ಹಳೆಯ ರಸವಾದಿಗಳು ಚಿನ್ನಕ್ಕೆ ಸೂರ್ಯನ ಚಿತ್ರವನ್ನೂ ಬೆಳ್ಳಿಗೆ ಚಂದ್ರನ ಚಿತ್ರವನ್ನೂ ಕಬ್ಬಿಣಕ್ಕೆ ಅಂಗಾರಕನ ಗುರುತನ್ನೂ ಬರೆಯುತ್ತಿದ್ದರು. ವಿಷಯವನ್ನು ಮುಚ್ಚಿಡಲು ಅವು ತಕ್ಕುವಾಗಿದ್ದವು; ತಿಳಿಸಲು ತಕ್ಕುವಲ್ಲ. ಡಾಲ್ಟನ್ ವೃತ್ತಗಳನ್ನು ಬಳಸಿದನು: ಬರಿಯ ವೃತ್ತ ಆಮ್ಲಜನಕ, ನಡುವೆ ಚುಕ್ಕೆಯಿಟ್ಟ ವೃತ್ತ ಜಲಜನಕ, ಕಪ್ಪು ತುಂಬಿದ್ದು ಇಂಗಾಲ. ಸಂಯುಕ್ತವನ್ನು ತೋರಿಸಬೇಕಾದರೆ ವೃತ್ತಗಳನ್ನು ಒತ್ತಾಗಿ ಬರೆಯಬೇಕು. ಮೂಲವಸ್ತುಗಳ ಸಂಖ್ಯೆ ಬೆಳೆದಂತೆ ಈ ಚಿತ್ರಗಳು ನೆನಪಿನಲ್ಲಿ ನಿಲ್ಲಲಾರದಾದವು. ಅಚ್ಚುಕೂಟದವರಿಗಂತೂ ಪ್ರತಿಯೊಂದಕ್ಕೂ ಹೊಸ ಮೊಳೆ ಎರಕ ಹೊಯ್ಯಬೇಕಾದ ಸಂಕಟ.

ಬರ್ಜೀಲಿಯಸನು ೧೮೧೩ರಲ್ಲಿ, ಮತ್ತೆ ವಿವರವಾಗಿ ೧೮೧೪ರಲ್ಲಿ, ಲಂಡನ್ನಿನ ಒಂದು ಪತ್ರಿಕೆಯಲ್ಲಿ ಬೇರೆ ಮಾರ್ಗವನ್ನು ಸೂಚಿಸಿದನು. ಮೂಲವಸ್ತುವಿನ ಲ್ಯಾಟಿನ್ ಹೆಸರಿನ ಮೊದಲನೆಯ ಅಕ್ಷರವೇ ಅದರ ಸಂಕೇತವಾಗಲಿ. ಎರಡು ಹೆಸರುಗಳು ಒಂದೇ ಅಕ್ಷರದಿಂದ ಆರಂಭವಾದರೆ ಒಂದಕ್ಕೆ ಇನ್ನೊಂದು ಅಕ್ಷರವನ್ನು ಸೇರಿಸೋಣ. ಲ್ಯಾಟಿನ್ ಯಾವ ಒಂದು ರಾಷ್ಟ್ರದ ಸ್ವತ್ತೂ ಅಲ್ಲದ ವಿದ್ವದ್ಭಾಷೆ, ನಮ್ಮಲ್ಲಿ ಸಂಸ್ಕೃತವಿದ್ದಂತೆ. ಆದ್ದರಿಂದ ಯಾರ ಅಭಿಮಾನಕ್ಕೂ ನೋವಿಲ್ಲ. ಕಬ್ಬಿಣಕ್ಕೆ ಫೆರ್ರಂ, ತಾಮ್ರಕ್ಕೆ ಕ್ಯೂಪ್ರಂ, ಬೆಳ್ಳಿಗೆ ಅರ್ಜೆಂಟಂ, ಸೀಸಕ್ಕೆ ಪ್ಲಂಬಂ, ಸೋಡಿಯಂಗೆ ನೇಟ್ರಿಯಂ. ಇಂಗ್ಲಿಷ್ ಹೆಸರಿಗೂ ಸಂಕೇತಕ್ಕೂ ಏಕೆ ಹೊಂದಿಕೆಯಿಲ್ಲವೆಂದು ಬಾಲಕರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಚ್ಚುಕೂಟದ ಪೆಟ್ಟಿಗೆಯಲ್ಲಿ ಈ ಮೊಳೆಗಳು ಆಗಲೇ ಇದ್ದವು; ಹೊಸದೇನೂ ಬೇಕಿರಲಿಲ್ಲ.

ಆದರೆ ಈ ಅಕ್ಷರ ಬರಿಯ ಸಂಕ್ಷೇಪವಲ್ಲ. ಇದೇ ಬರ್ಜೀಲಿಯಸನ ನಿಜವಾದ ಹಿರಿಮೆ. ಅವನ ಪದ್ಧತಿಯಲ್ಲಿ ಓ ಎಂದರೆ ಆಮ್ಲಜನಕವೆಂಬ ಹೆಸರಷ್ಟೇ ಅಲ್ಲ, ಆಮ್ಲಜನಕದ ಒಂದು ಪರಮಾಣು; ಆದ್ದರಿಂದ ಒಂದು ಗೊತ್ತಾದ ತೂಕ. ಎಚ್ ಎಂದರೆ ಜಲಜನಕದ ಒಂದು ತೂಕ. ಅಕ್ಷರಗಳನ್ನು ಒತ್ತಿಗೆ ಒತ್ತಾಗಿ ಬರೆದು, ಒಂದಕ್ಕಿಂತ ಹೆಚ್ಚು ಪರಮಾಣುಗಳಿದ್ದರೆ ಅಂಕಿಯನ್ನು ಜೊತೆಗಿಟ್ಟರೆ ಅದು ಸಂಯುಕ್ತದ ಸೂತ್ರವಾಗುತ್ತದೆ. ಆ ಸೂತ್ರವೇ ಒಂದು ತಕ್ಕಡಿಯ ಲೆಕ್ಕ. ಸೂತ್ರವೆಂಬ ಶಬ್ದ ವ್ಯಾಕರಣದವರಿಗೆ ಹೊಸದಲ್ಲ. ಅಲ್ಪಾಕ್ಷರಗಳಲ್ಲಿ ಅಸಂದಿಗ್ಧವಾದ ಅರ್ಥವನ್ನು ತುಂಬಿಡುವುದು ಸೂತ್ರದ ಲಕ್ಷಣ. ಆ ಲಕ್ಷಣ ಇಲ್ಲಿಯೂ ಪೂರ್ಣವಾಗಿ ಸಲ್ಲುತ್ತದೆ. ಬರ್ಜೀಲಿಯಸನು ಅಂಕಿಯನ್ನು ಅಕ್ಷರದ ಮೇಲ್ಗಡೆ ಬರೆಯುತ್ತಿದ್ದನು. ಇಂದಿನಂತೆ ಕೆಳಗೆ ಬರೆಯುವ ರೂಢಿಯನ್ನು ತಂದವನು ಜರ್ಮನಿಯ ಲೀಬಿಗ್, ೧೮೩೪ರಲ್ಲಿ.

ನೀರಿನ ಸೂತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೧೮೧೯ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಬರ್ಜೀಲಿಯಸನು ದ್ಯೂಲಾಂಗ್ ಎಂಬ ಫ್ರೆಂಚ್ ವಿದ್ವಾಂಸನೊಡನೆ ಈ ಪ್ರಯೋಗವನ್ನು ನಡೆಸಿದನು. ತಾಮ್ರದ ಆಕ್ಸೈಡೆಂಬ ಕಪ್ಪು ಪುಡಿಯನ್ನು ಕೊಳವೆಯಲ್ಲಿಟ್ಟು ಕಾಯಿಸುತ್ತ ಅದರ ಮೇಲೆ ಶುದ್ಧ ಜಲಜನಕವನ್ನು ಹಾಯಿಸಬೇಕು. ಜಲಜನಕವು ಪುಡಿಯಲ್ಲಿಯ ಆಮ್ಲಜನಕವನ್ನು ಸೆಳೆದುಕೊಂಡು ನೀರಾಗುತ್ತದೆ. ಕೆಂಪು ತಾಮ್ರ ಉಳಿಯುತ್ತದೆ. ಪುಡಿಯ ತೂಕ ಎಷ್ಟು ಕಡಮೆಯಾಯಿತೋ ಅಷ್ಟು ಆಮ್ಲಜನಕ. ಹಿಡಿದಿಟ್ಟ ನೀರಿನ ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಜಲಜನಕ. ಒಂಬತ್ತು ಪಾಲು ನೀರಿನಲ್ಲಿ ಎಂಟು ಪಾಲು ಆಮ್ಲಜನಕ, ಒಂದು ಪಾಲು ಜಲಜನಕವೆಂದು ಸಿದ್ಧವಾಯಿತು.

ಇಷ್ಟರಿಂದಲೇ ಸೂತ್ರ ದೊರೆಯುವುದಿಲ್ಲ, ಸೂಕ್ಷ್ಮವಿರುವುದು ಇಲ್ಲಿಯೇ. ನೀರಿನಲ್ಲಿ ಒಂದೊಂದೇ ಪರಮಾಣುಗಳಿದ್ದರೆ ಆಮ್ಲಜನಕದ ಪರಮಾಣು ಜಲಜನಕದ ಎಂಟರಷ್ಟು ತೂಗುತ್ತದೆ. ಜಲಜನಕದ ಎರಡು ಪರಮಾಣುಗಳಿದ್ದರೆ ಹದಿನಾರರಷ್ಟು ತೂಗುತ್ತದೆ. ತಕ್ಕಡಿ ಎರಡಕ್ಕೂ ಒಪ್ಪುತ್ತದೆ. ಸರಳವಾದದ್ದೇ ಸತ್ಯವೆಂದು ಡಾಲ್ಟನ್ ಮೊದಲನೆಯದನ್ನು ಹಿಡಿದನು. ಬರ್ಜೀಲಿಯಸನು ಗೇ-ಲುಸಾಕನ ಪ್ರಯೋಗವನ್ನು ನೆನೆದನು: ಎರಡು ಅಳತೆ ಜಲಜನಕ ಒಂದು ಅಳತೆ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಈ ಅನಿಲಗಳ ಸಮಾನ ಅಳತೆಗಳಲ್ಲಿ ಸಮಾನ ಸಂಖ್ಯೆಯ ಪರಮಾಣುಗಳಿವೆಯೆಂದು ಭಾವಿಸಿ ಎರಡನೆಯದನ್ನು ಆರಿಸಿದನು. ಆಮ್ಲಜನಕದ ತೂಕ ಹದಿನಾರಾಯಿತು, ನೀರು ಎಚ್-ಎರಡು-ಓ ಆಯಿತು. ಹೀಗೆ ಒಂದು ಸೂತ್ರವನ್ನು ಬರೆಯುವುದೆಂದರೆ ತೂಗುವುದೂ ಹೌದು, ತರ್ಕಿಸುವುದೂ ಹೌದು.

ಸೂತ್ರಗಳು ದೊರೆತ ಮೇಲೆ ಕ್ರಿಯೆಯನ್ನು ಸಮೀಕರಣವಾಗಿ ಬರೆಯುವುದು ಸಾಧ್ಯವಾಯಿತು. ಮೇಲಿನ ಪ್ರಯೋಗದಲ್ಲಿ ತಾಮ್ರದ ಆಕ್ಸೈಡಿನ ಒಂದು ಪಾಲು ಜಲಜನಕದ ಒಂದು ಅಣುವಿನೊಡನೆ ಕೂಡಿ ಒಂದು ತಾಮ್ರವನ್ನೂ ಒಂದು ನೀರನ್ನೂ ಕೊಡುತ್ತದೆ. ತಾಮ್ರ ೬೩.೫, ಆಮ್ಲಜನಕ ೧೬; ಒಟ್ಟು ೭೯.೫. ಜಲಜನಕದ ಎರಡು ಸೇರಿ ೮೧.೫. ಆಚೆ ಕಡೆ ತಾಮ್ರ ೬೩.೫, ನೀರು ೧೮, ಅದೂ ೮೧.೫. ಎರಡು ತಟ್ಟೆಗಳೂ ಸಮ. ಲವಾಸಿಯೇ ತಕ್ಕಡಿಯಲ್ಲಿ ಕಂಡ ನಿಯಮವನ್ನು ಬರ್ಜೀಲಿಯಸನ ಲಿಪಿ ಕಾಗದದ ಮೇಲೆ ತೋರಿಸುತ್ತದೆ.

ಎಲ್ಲ ಕ್ರಿಯೆಗಳೂ ಹೀಗೆ ಮೊದಲ ಬರವಣಿಗೆಯಲ್ಲಿಯೇ ಸರಿತೂಗುವುದಿಲ್ಲ. ಇಂದಿನ ರೀತಿಯಲ್ಲಿ, ಜಲಜನಕವು ಉರಿದು ನೀರಾಗುವುದನ್ನು ಬರೆದರೆ, ಎಡಗಡೆ ಆಮ್ಲಜನಕದ ಪರಮಾಣುಗಳು ಎರಡು, ಬಲಗಡೆಯ ನೀರಿನಲ್ಲಿ ಒಂದೇ. ವಿದ್ಯಾರ್ಥಿಗಳು ಅವಸರದಲ್ಲಿ ನೀರಿನ ಸೂತ್ರದೊಳಗೇ ಕೈಯಿಟ್ಟು, ಓ ಎಂಬುದಕ್ಕೆ ಎರಡನ್ನು ಅಂಟಿಸಿ ಲೆಕ್ಕವನ್ನು ಮುಗಿಸಿಬಿಡುವುದುಂಟು. ಆಗ ಅಂಕಿಗಳೇನೋ ಸರಿಹೋಗುತ್ತವೆ. ವಸ್ತು ಮಾತ್ರ ನೀರಾಗಿ ಉಳಿಯುವುದಿಲ್ಲ. ಅದು ೧೮೧೮ರಲ್ಲಿ ತೆನಾರ್ ಎಂಬ ಫ್ರೆಂಚನು ಕಂಡುಹಿಡಿದ ಹೈಡ್ರೊಜನ್ ಪೆರಾಕ್ಸೈಡ್, ಚರ್ಮವನ್ನು ಸುಡುವ ಬೇರೊಂದು ದ್ರವ. ಛಂದಸ್ಸಿನಲ್ಲಿಯೂ ಹೀಗೆಯೇ. ಮಾತ್ರೆ ಸಾಲದಿದ್ದರೆ ಕವಿಯು ಇನ್ನೊಂದು ಪದವನ್ನು ತರಬಹುದು. ಪದದೊಳಗಿನ ಹ್ರಸ್ವವನ್ನು ತನ್ನಿಚ್ಛೆಯಂತೆ ದೀರ್ಘ ಮಾಡಲಾಗದು. ಒಂದು ಮಾತ್ರೆಗಾಗಿ ಮನವನ್ನು ಎಳೆದರೆ ಅದು ಮಾನವಾಗುತ್ತದೆ, ಅರ್ಥವೇ ಬೇರೆ. ಸೂತ್ರದೊಳಗಿನ ಚಿಕ್ಕ ಅಂಕಿ ವಸ್ತುವಿನ ಸ್ವಭಾವ, ಅದನ್ನು ಮುಟ್ಟಕೂಡದು. ಸೂತ್ರದ ಮುಂದೆ ಬರೆಯುವ ದೊಡ್ಡ ಅಂಕಿ ಎಷ್ಟು ಎಂಬ ಗಣನೆ. ಅದನ್ನು ಮಾತ್ರ ಬದಲಿಸಬಹುದು. ಎರಡು ಜಲಜನಕದ ಅಣುಗಳು, ಒಂದು ಆಮ್ಲಜನಕದ ಅಣು, ಎರಡು ನೀರು, ಲೆಕ್ಕ ಕೂಡಿತು. ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಕೆಂಪು ಆಕ್ಸೈಡಾಗುವಲ್ಲಿ ನಾಲ್ಕು ಕಬ್ಬಿಣ, ಮೂರು ಆಮ್ಲಜನಕದ ಅಣು, ಎರಡು ಆಕ್ಸೈಡ್ ಎಂದಾಗಬೇಕು. ಎಣಿಸಿ ನೋಡಿದರೆ ಎರಡು ಕಡೆಯೂ ಕಬ್ಬಿಣದ ಪರಮಾಣು ನಾಲ್ಕು, ಆಮ್ಲಜನಕದ್ದು ಆರು.

ಬರ್ಜೀಲಿಯಸನ ಸಂಕೇತಗಳನ್ನು ಲೋಕ ಕೂಡಲೇ ಒಪ್ಪಲಿಲ್ಲ. ಡಾಲ್ಟನ್ನನಿಗೆ ಅವು ಕೊನೆಯವರೆಗೂ ಹಿಡಿಸಲಿಲ್ಲ. ಇವನ್ನು ಕಲಿಯುವುದಕ್ಕಿಂತ ಹೀಬ್ರೂ ಭಾಷೆಯನ್ನು ಕಲಿಯುವುದೇ ಲೇಸೆಂಬಂತೆ ಆತನು ಜರೆದನು. ಬರ್ಜೀಲಿಯಸನೂ ತನ್ನ ಒಳ್ಳೆಯ ಪದ್ಧತಿಯನ್ನು ತಾನೇ ಸ್ವಲ್ಪ ಕೆಡಿಸಿದನೆನ್ನಬೇಕು. ಆಮ್ಲಜನಕಕ್ಕೆ ಅಕ್ಷರದ ಬದಲು ತಲೆಯ ಮೇಲೆ ಚುಕ್ಕೆ, ಜೋಡಿ ಪರಮಾಣುಗಳಿಗೆ ಅಕ್ಷರದ ಮೇಲೆ ಅಡ್ಡಗೆರೆ ಎಂದು ಮುಂದೆ ಸಂಕ್ಷೇಪಿಸಹೊರಟನು. ಹೊಸ ಮೊಳೆ ಬೇಡವೆಂದು ಹೊರಟವನು ಹೊಸ ಮೊಳೆ ಬೇಕಾಗುವ ಹಾದಿಗೆ ಬಂದನು. ಕಾಲವು ಚುಕ್ಕೆಯನ್ನೂ ಗೆರೆಯನ್ನೂ ಅಳಿಸಿತು, ಅಕ್ಷರಗಳನ್ನು ಉಳಿಸಿಕೊಂಡಿತು.

ಪರಮಾಣು ತೂಕಗಳ ಪಟ್ಟಿಯನ್ನು ಅವನು ೧೮೧೪ರಲ್ಲಿ ಪ್ರಕಟಿಸಿ, ೧೮೧೮ರಲ್ಲಿಯೂ ೧೮೨೬ರಲ್ಲಿಯೂ ತಿದ್ದಿದನು. ತನ್ನ ಶಿಷ್ಯ ಮಿಚರ್‌ಲಿಕ್ ಹರಳುಗಳ ರೂಪಸಾಮ್ಯವನ್ನು ಕುರಿತು ೧೮೧೯ರಲ್ಲಿ ಕಂಡುಹಿಡಿದ ನಿಯಮವನ್ನು ಹಿಂಜರಿಯದೆ ಸ್ವೀಕರಿಸಿ, ಅದರ ನೆರವಿನಿಂದ ಹಲವು ಲೋಹಗಳ ತೂಕವನ್ನು ಅರ್ಧಕ್ಕಿಳಿಸಿದನು. ಅವನ ಅಂಕಿಗಳನ್ನು ಇಂದಿನ ಮಾನಕ್ಕೆ ತಿರುಗಿಸಿದರೆ ಸೀಸಕ್ಕೆ ಸುಮಾರು ೨೦೭.೧, ಇಂದಿನದು ೨೦೭.೨. ಕ್ಲೋರಿನ್ನಿಗೆ ಸುಮಾರು ೩೫.೪, ಇಂದಿನದು ೩೫.೪೫. ಆದರೆ ಬೆಳ್ಳಿ ಸರಿಯಾದುದರ ಇಮ್ಮಡಿಯಾಗಿ ಉಳಿಯಿತು, ಅದರ ಆಕ್ಸೈಡಿನ ಸೂತ್ರವನ್ನು ಅವನು ತಪ್ಪಾಗಿ ಊಹಿಸಿದ್ದರಿಂದ. ತೂಕದಲ್ಲಿ ದೋಷವಿಲ್ಲ, ಊಹೆಯಲ್ಲಿ ದೋಷ.

ಉಳಿದ ಸಾಧನೆಗಳನ್ನು ಹೇಳಹೋದರೆ ಪುಟಗಳು ಸಾಲವು. ೧೮೧೭ರಲ್ಲಿ ಗಂಧಕಾಮ್ಲದ ಕಾರ್ಖಾನೆಯೊಂದರ ಕೆಸರಿನಲ್ಲಿ ಸೆಲೆನಿಯಂ ದೊರೆಯಿತು. ಮೊದಲು ಅದನ್ನು ಟೆಲ್ಲೂರಿಯಂ ಎಂದುಕೊಂಡು, ಮತ್ತೆ ಪರೀಕ್ಷಿಸಿ ಹೊಸದೆಂದು ತಿಳಿದು, ಚಂದ್ರನ ಹೆಸರಿಟ್ಟನು. ೧೮೨೪ರಲ್ಲಿ ಸಿಲಿಕಾನನ್ನು ಬೇರ್ಪಡಿಸಿದನು. ಹೊಸ ಮೂಲವಸ್ತುವೊಂದನ್ನು ಕಂಡೆನೆಂದು ಹಿಂದೊಮ್ಮೆ ಸಾರಿ ಥೋರಿಯಂ ಎಂದು ಕರೆದಿದ್ದನು; ಅದು ಈ ಮೊದಲೇ ತಿಳಿದಿದ್ದ ಇಟ್ರಿಯಂನ ಫಾಸ್ಫೇಟೆಂದು ತನಗೇ ಗೊತ್ತಾದಾಗ ಬಹಿರಂಗವಾಗಿ ಹಿಂತೆಗೆದುಕೊಂಡನು. ೧೮೨೯ರಲ್ಲಿ ನಾರ್ವೆಯ ಖನಿಜದಲ್ಲಿ ನಿಜವಾಗಿಯೂ ಹೊಸದು ಸಿಕ್ಕಿದಾಗ, ಖಾಲಿಯಾಗಿದ್ದ ಆ ಹೆಸರನ್ನು ಅದಕ್ಕೆ ಕೊಟ್ಟನು. ೧೮೨೮ರಲ್ಲಿ ವೋಲರ್ ಪ್ರಯೋಗಶಾಲೆಯಲ್ಲಿಯೇ ಯೂರಿಯವನ್ನು ತಯಾರಿಸಿದನು. ಯೂರಿಯಕ್ಕೂ ಅಮೋನಿಯಂ ಸಯನೇಟಿಗೂ ಪರಮಾಣುಗಳ ಎಣಿಕೆ ಒಂದೇ, ಗುಣಗಳು ಬೇರೆ. ಇಂತಹ ಸಂಗತಿಗಳಿಗೆ ಐಸೊಮರಿಸಂ ಎಂಬ ಹೆಸರನ್ನು ೧೮೩೦ರಲ್ಲಿ ಕೊಟ್ಟವನು ಬರ್ಜೀಲಿಯಸನೇ. ಕ್ಯಾಟಲಿಸಿಸ್, ಪ್ರೋಟೀನ್ ಎಂಬ ಶಬ್ದಗಳೂ ಅವನವು. ೧೮೧೮ರಿಂದ ಅಕಾಡೆಮಿಯ ಕಾರ್ಯದರ್ಶಿಯಾಗಿ, ವರ್ಷವರ್ಷವೂ ಜಗತ್ತಿನ ರಸಾಯನಶಾಸ್ತ್ರದ ಪ್ರಗತಿಯನ್ನು ವಿಮರ್ಶಿಸಿ ವರದಿ ಬರೆದನು. ಅವನ ವರದಿಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ತರುಣ ವಿಜ್ಞಾನಿಯ ಭಾಗ್ಯ ತೆರೆಯಿತೆಂದೇ ಅರ್ಥ.

೧೮೩೫ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಎಲಿಸಬೆತ್ ಪೊಪ್ಪಿಯಸ್ ಎಂಬ ಇಪ್ಪತ್ತನಾಲ್ಕು ವರ್ಷದ ಕನ್ಯೆಯನ್ನು ಅವನು ಮದುವೆಯಾದನು. ಸ್ವೀಡನ್ನಿನ ದೊರೆ ಆ ಸಂದರ್ಭದಲ್ಲಿ ಅವನಿಗೆ ಬ್ಯಾರನ್ ಪದವಿಯನ್ನಿತ್ತು ಗೌರವಿಸಿದನು. ಮಕ್ಕಳಾಗಲಿಲ್ಲ, ದಾಂಪತ್ಯ ಸುಖವಾಗಿತ್ತು. ಶಾಸ್ತ್ರಲೋಕದಲ್ಲಿ ಮಾತ್ರ ಅಂತಹ ಸುಖ ಉಳಿಯಲಿಲ್ಲ.

ಕಾರಣ ಅವನ ಪ್ರೀತಿಯ ಒಂದು ಸಿದ್ಧಾಂತ. ಯೌವನದಲ್ಲಿ ವಿದ್ಯುತ್ತಿನಿಂದ ಲವಣಗಳು ಇಬ್ಭಾಗವಾದುದನ್ನು ಕಂಡವನು, ಪ್ರತಿಯೊಂದು ಸಂಯುಕ್ತವೂ ಒಂದು ಧನ ಭಾಗ, ಒಂದು ಋಣ ಭಾಗ ಎಂಬ ಎರಡರ ಆಕರ್ಷಣೆಯಿಂದಲೇ ಆಗಿದೆಯೆಂದು ನಂಬಿದನು. ಖನಿಜಗಳಿಗೆ ಇದು ಚೆನ್ನಾಗಿ ಹೊಂದಿತು. ಆದರೆ ೧೮೩೦ರ ದಶಕದಲ್ಲಿ ಫ್ರಾನ್ಸಿನ ದ್ಯೂಮಾ, ಅಸಿಟಿಕ್ ಆಮ್ಲದಲ್ಲಿಯ ಜಲಜನಕವನ್ನು ತೆಗೆದು ಆ ಜಾಗದಲ್ಲಿ ಕ್ಲೋರಿನ್ನನ್ನು ಕೂರಿಸಿದರೂ ಆಮ್ಲವು ಬಹುಮಟ್ಟಿಗೆ ತನ್ನ ಗುಣವನ್ನು ಉಳಿಸಿಕೊಳ್ಳುವುದೆಂದು ತೋರಿಸಿದನು. ಧನವಾದ ಜಲಜನಕದ ಪೀಠದಲ್ಲಿ ಋಣವಾದ ಕ್ಲೋರಿನ್ ಕುಳಿತುಕೊಳ್ಳುವುದು ಹೇಗೆ? ಬರ್ಜೀಲಿಯಸನಿಂದ ಇದನ್ನು ಒಪ್ಪಲಾಗಲಿಲ್ಲ. ತನ್ನ ಸಿದ್ಧಾಂತವನ್ನು ಉಳಿಸಲು ಒಂದಕ್ಕಿಂತ ಒಂದು ತೊಡಕಾದ ಸೂತ್ರಗಳನ್ನು ಕಟ್ಟಿದನು. ಕ್ಲೋರಿನ್ನಿನ ವಿಷಯದಲ್ಲಿಯೂ ಥೋರಿಯಂನ ವಿಷಯದಲ್ಲಿಯೂ ತೋರಿದ್ದ ಔದಾರ್ಯ ಇಲ್ಲಿ ಕಾಣಿಸಲಿಲ್ಲ. ತಕ್ಕಡಿಯ ತಪ್ಪನ್ನು ಒಪ್ಪಿಕೊಳ್ಳುವುದು ಅವನಿಗೆ ಸುಲಭವಾಗಿತ್ತು. ದರ್ಶನದ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಮಿತ್ರನಾಗಿದ್ದ ಲೀಬಿಗನೂ ದೂರವಾದನು. ವೋಲರ್ ಮಾತ್ರ ಇಬ್ಬರ ನಡುವೆ ನಿಂತು, ಕೊನೆಯವರೆಗೂ ಗುರುವಿಗೆ ಕಾಗದ ಬರೆಯುತ್ತಲೇ ಇದ್ದನು.

ಅದೇ ಸಿದ್ಧಾಂತದಿಂದಾಗಿ ಇನ್ನೊಂದು ದೊಡ್ಡ ಸತ್ಯವೂ ಅವನ ಕೈತಪ್ಪಿತು. ಇಟಲಿಯ ಅವೊಗಾಡ್ರೊ ೧೮೧೧ರಲ್ಲಿಯೇ, ಜಲಜನಕ ಮೊದಲಾದ ಅನಿಲಗಳ ಒಂದೊಂದು ಅಣುವಿನಲ್ಲಿ ಒಂದೇ ಜಾತಿಯ ಎರಡು ಪರಮಾಣುಗಳಿವೆಯೆಂದು ಸೂಚಿಸಿದ್ದನು. ಒಂದೇ ಜಾತಿಯವೆಂದರೆ ಒಂದೇ ಬಗೆಯ ವಿದ್ಯುತ್ತು, ಅವು ಒಂದನ್ನೊಂದು ದೂರ ತಳ್ಳಬೇಕಲ್ಲದೆ ಕೂಡಲಾರವೆಂಬುದು ಬರ್ಜೀಲಿಯಸನ ನಿಲುವು. ಅವನ ಅಧಿಕಾರದ ಎದುರು ಅವೊಗಾಡ್ರೊವಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಒಂದೇ ವಸ್ತುವಿಗೆ ನಾಲ್ಕಾರು ಸೂತ್ರಗಳು ಬಳಕೆಗೆ ಬಂದು, ಶಾಸ್ತ್ರದಲ್ಲಿ ಗೊಂದಲ ಬೆಳೆಯಿತು.

ತಾರುಣ್ಯದಿಂದಲೂ ತಲೆನೋವು ಅವನನ್ನು ಕಾಡುತ್ತಿತ್ತು. ವೃದ್ಧಾಪ್ಯದಲ್ಲಿ ಸಂಧಿವಾತ ಸೇರಿ, ಕೊನೆಗೆ ಕಾಲುಗಳ ಶಕ್ತಿ ಉಡುಗಿತು. ೧೮೪೮ರ ಆಗಸ್ಟ್ ೭ರಂದು ಸ್ಟಾಕ್‌ಹೋಮಿನಲ್ಲಿ ಬರ್ಜೀಲಿಯಸನು ನಿಧನ ಹೊಂದಿದನು. ಅರುವತ್ತೊಂಬತ್ತು ತುಂಬಲು ಇನ್ನು ಹದಿಮೂರು ದಿನ ಉಳಿದಿದ್ದವು.

ಹನ್ನೆರಡು ವರ್ಷಗಳ ಬಳಿಕ, ೧೮೬೦ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಯೂರೋಪಿನ ರಸಾಯನಜ್ಞರು ಈ ಗೊಂದಲವನ್ನು ಬಗೆಹರಿಸಲು ಸಭೆ ಸೇರಿದರು. ಅಲ್ಲಿ ಇಟಲಿಯ ಕನ್ನಿಜಾರೊ ಅವೊಗಾಡ್ರೊವಿನ ತತ್ತ್ವವನ್ನು ಎತ್ತಿಹಿಡಿದು, ತಾನು ೧೮೫೮ರಲ್ಲಿ ಪ್ರಕಟಿಸಿದ್ದ ವಿವರಣೆಯ ಪ್ರತಿಗಳನ್ನು ನೆರೆದವರಿಗೆ ಹಂಚಿಸಿದನು. ಅದನ್ನು ಓದಿಕೊಂಡು ಹೋದವರಲ್ಲಿ ರಷ್ಯದ ಮೆಂಡೆಲೀವನೂ ಒಬ್ಬನು. ಅಂದಿನಿಂದ ಜಲಜನಕವನ್ನು ಎಚ್-ಎರಡು ಎಂದೂ ಕ್ಲೋರಿನ್ನನ್ನು ಸಿಎಲ್-ಎರಡು ಎಂದೂ ಬರೆಯುವುದು ಕ್ರಮೇಣ ರೂಢಿಯಾಯಿತು. ಬರ್ಜೀಲಿಯಸನು ಕೂಡಲಾರವೆಂದ ಜೋಡಿ ಪರಮಾಣುಗಳನ್ನು ಬರೆಯುವುದಕ್ಕೂ ಬಳಕೆಯಾದದ್ದು ಅವನ ಅಕ್ಷರಗಳೇ.